ಮೂರನೇ ದಿನದ ಬಿಳಿ ಪೊರೆ

ಬೆಳಗಿನ ಆರು ಗಂಟೆ. ಹೊಸೂರು ಬಳಿಯ ಬೇರಿಕೆ ಊರಿನ ಅಂಚಿನ ಮನೆಯೊಂದರ ಜಗಲಿಯಲ್ಲಿ ಗೋಪಾಲಪ್ಪ ಬಾಯಿ ತೆರೆದು ಕೂತಿದ್ದಾರೆ. ಅರವತ್ತಾರರ ಈ ರೈತನ ದವಡೆಹಲ್ಲು ಕಿತ್ತು ಇಂದಿಗೆ ಮೂರನೇ ದಿನ. ಒಂದು ಕೈಯಲ್ಲಿ ಕನ್ನಡಿ, ಇನ್ನೊಂದರಲ್ಲಿ ಬೇವಿನ ಕಡ್ಡಿ. ಸೈಕಲ್ಲಿನಿಂದ ಇಳಿದ ಗಂಗಾದೇವಿ ಮೊದಲು ಕಡ್ಡಿ ಕಿತ್ತುಕೊಳ್ಳುತ್ತಾರೆ, ಆಮೇಲೆ ಟಾರ್ಚು ಹಚ್ಚುತ್ತಾರೆ.

"ಬೆಳ್ಳಗೆ ಕೀವು ಕಟ್ಕಂಡದೆ ಕಣಮ್ಮ. ಕೆರೆದು ಬಿಸಾಕ್ತೀನಿ."

"ಕೀವಲ್ಲ ಮಾವ. ವಾಸಿ ಆಗೋವಾಗ ಹಂಗೇ ಕಾಣೋದು. ಕೆರೆದ್ರೆ ಎಲುಬು ಬಯಲಾಗ್ತದೆ, ಕಿವಿವರ್ಗೂ ನೋವು ಎಳೀತದೆ."

ಒಳಗಿನಿಂದ ಹೆಂಡತಿ ಶ್ಯಾಮಲಮ್ಮನ ದನಿ: "ನಲವತ್ತು ವರ್ಷದಿಂದ ನಾನು ಬಾಯಿ ಮುಚ್ಚು ಅಂದ್ರೆ ಮುಚ್ಚಲಿಲ್ಲ. ನೀನು ತೆಗಿ ಅಂದ್ರೆ ಹೆಂಗೆ ತೆಗೀತಾನೆ ನೋಡು."

ಗಂಗಾದೇವಿ ಬೇರಿಕೆಯ ಹಲ್ಲಿನ ಕ್ಲಿನಿಕ್ಕೊಂದರ ಸಹಾಯಕಿ. ವಯಸ್ಸು ನಲವತ್ತೇಳು, ಕೆಲಸಕ್ಕೆ ಸೇರಿ ಹನ್ನೊಂದು ವರ್ಷ. ವಾರಕ್ಕೆ ಹದಿನೈದಿಪ್ಪತ್ತು ಹಲ್ಲು ಕೀಳುವ ಕ್ಲಿನಿಕ್ಕು ಅದು. ಹಲ್ಲು ಕೀಳಿಸಿಕೊಂಡವರಲ್ಲಿ ವಯಸ್ಸಾದವರ ಮನೆಗೆ ಮೂರನೇ ಬೆಳಿಗ್ಗೆ ಹೋಗಿ ಗಾಯ ನೋಡಿ ಬಾ ಎಂದು ಯಾರೂ ಹೇಳಿಲ್ಲ; ತಾವಾಗಿಯೇ ಹೋಗುತ್ತಾರೆ. ಇಪ್ಪತ್ತೆರಡನೇ ವಯಸ್ಸಿನಲ್ಲಿ ತಮ್ಮದೇ ಹಲ್ಲು ಕೀಳಿಸಿಕೊಂಡಾಗ ಆ ಬಿಳಿ ಪೊರೆಯನ್ನು ಕೆರೆದವರು ಅವರು. ಒಂಬತ್ತು ದಿನ ಕೆನ್ನೆ ದಿಂಬಿಗೆ ತಾಕಿಸಲಾಗಲಿಲ್ಲ.

ಗಾಯದ ದಿನಚರಿ ಅವರಿಗೆ ಬಾಯಿಪಾಠ. ಮೊದಲ ದಿನ ಹಲ್ಲಿನ ಗುಳಿಯಲ್ಲಿ ರಕ್ತ ಹೆಪ್ಪುಗಟ್ಟಬೇಕು. ಜೋರಾಗಿ ಉಗುಳಬಾರದು, ಬೀಡಿ ಎಳೆಯಬಾರದು. ಮರುದಿನದಿಂದ ಉಗುರುಬೆಚ್ಚಗಿನ ಉಪ್ಪುನೀರು. ಊಟಕ್ಕೆ ಆರಿದ ರಾಗಿಮುದ್ದೆ. ನುಂಗುವ ಊಟಕ್ಕೆ ಹಲ್ಲಿನ ಹಂಗಿಲ್ಲ. ಎರಡು ಮೂರು ವಾರದಲ್ಲಿ ವಸಡು ಮೇಲೆ ಮುಚ್ಚಿಕೊಳ್ಳುತ್ತದೆ. ಒಳಗೆ ಎಲುಬು ತುಂಬಿಕೊಳ್ಳಲು ತಿಂಗಳುಗಳೇ ಬೇಕು. ತಮಿಳಿನವರಿಗೆ ತಮಿಳಿನಲ್ಲಿ, ತೆಲುಗಿನವರಿಗೆ ತೆಲುಗಿನಲ್ಲಿ ಇದನ್ನೇ ಹೇಳುತ್ತಾರೆ.

ಬೇರೆಯವರ ಬಾಯಲ್ಲಿ ಹಳೆಯ ಖಾಲಿ ಜಾಗಗಳನ್ನು ಅವರು ಎಷ್ಟೋ ಕಂಡಿದ್ದಾರೆ. ತಾವು ಹೀಗೆ ನೋಡಿಕೊಂಡ ಗಾಯ ಪೂರ್ತಿ ಮಾಗಿದ್ದನ್ನು ಮಾತ್ರ ಒಂದನ್ನೂ ಕಂಡಿಲ್ಲ. ನೋವು ನಿಂತವರು ತಿರುಗಿ ಬರುವುದಿಲ್ಲ. ಹಲ್ಲು ಕಟ್ಟಿಸಲು ಹೊಸೂರಿಗೆ ಹೋಗುತ್ತಾರೆ.

"ನನ್ ಪಾಲಿಗೆ ಬರೋದೆಲ್ಲ ಹಸಿ ಗಾಯಾನೇ. ಸಂತೇಲಿ ಸಿಕ್ತಾರೆ, ಚೆನ್ನಾಗಿದೀಯಾ ಅಂತಾರೆ. ಅಷ್ಟು ಜನದೆದುರು ಬಾಯಿ ತೆಗೀರಿ ಅಂತ ಹೆಂಗೆ ಕೇಳ್ಲಿ?" ಎನ್ನುತ್ತಾರೆ.

ಗೋಪಾಲಪ್ಪನ ಪೊರೆ ಕದಲಿಲ್ಲ. ಗಂಗಾದೇವಿ ಟಾರ್ಚು ಆರಿಸುತ್ತಾರೆ. "ನಾಲ್ಕು ತಿಂಗಳಾದ್ಮೇಲೆ ಒಂದ್ಸಲ ಕ್ಲಿನಿಕ್ಕಿಗೆ ಬಾ ಮಾವ."

"ಹಲ್ಲಿಲ್ದಿರೋ ಜಾಗ ನೋಡಿ ಏನ್ ಮಾಡ್ತೀಯ?"

ಗಂಗಾದೇವಿ ಬೇವಿನ ಕಡ್ಡಿಯನ್ನು ಅಂಗಳಕ್ಕೆ ಎಸೆಯುತ್ತಾರೆ.

"ಏನೂ ಮಾಡಲ್ಲ. ಬೆರಳಲ್ಲಿ ಒಂದ್ಸಲ ಮುಟ್ಟಿ ನೋಡ್ತೀನಿ. ನುಣ್ಣಗಾಯ್ತಾ ಅಂತ."