ಕೋಸಿಗೊಂದು ಮಂಡಲ

ಕೋಸು ಬೇಯುವಾಗ ಮನೆಯೆಲ್ಲ ಹರಡುವ ಆ ಗಂಧಕದ ವಾಸನೆಯನ್ನು ನೀವು ಬಲ್ಲಿರಿ. ಮೂಗು ಮುಚ್ಚಿಕೊಂಡೇ ಬಲ್ಲಿರಿ. ನನಗೆ ಅದರ ಮೇಲೆ ಪ್ರೀತಿ ಹುಟ್ಟಿದ್ದು, ಹುಳುಗಳನ್ನು ಓಡಿಸಲೆಂದು ಆ ಗಿಡ ತನ್ನೊಳಗೆ ಕೂಡಿಟ್ಟುಕೊಳ್ಳುವ ವಸ್ತುಗಳೇ ಹೆಂಗಸರ ಸ್ತನ, ಗರ್ಭಕೋಶಗಳ ಕ್ಯಾನ್ಸರಿಗೂ ಬಹುಶಃ ಅಡ್ಡ ನಿಂತಾವು ಎಂದು ಓದಿದ ದಿನ. ಟೊಮೆಟೊದ ಕೆಂಪಿಗೆ, ಕ್ಯಾರೆಟ್ಟಿನ ಕೇಸರಿಗೆ, ಸೊಪ್ಪಿನ ಹಸಿರಿಗೂ ಇಂಥದೊಂದು ಗುಟ್ಟಿನ ಕಸುಬಿದೆಯಂತೆ. ಅಂದಿನಿಂದ ನಮ್ಮ ತರಕಾರಿ ಬುಟ್ಟಿ ನನ್ನ ಕಣ್ಣಿಗೆ ಬಣ್ಣಬಣ್ಣದ ಸಿಪಾಯಿಗಳ ದಂಡಾಯಿತು.

ಮಳೆ, ಮೆಟ್ರೊ ತಡವಾದ ನಿಮಿಷ, ಕುಡಿದ ಕಾಫಿ ಎಲ್ಲವನ್ನೂ ದಿನಚರಿಯಲ್ಲಿ ಬರೆದಿಡುವ ನಾನು ಮರುದಿನವೇ ಹೊಸ ಪುಟ ತೆರೆದೆ. ನಾನಿರುವುದು ಮರ್ಫಿ ಟೌನಿನಲ್ಲಿ, ಬಟ್ಟೆ ಹೊಲಿಯುವ ಚಿಕ್ಕಮ್ಮನ ಜೊತೆ. ಇಬ್ಬರ ಹೆಸರಿಗೂ ಒಂದೊಂದು ಸಾಲು, ತಿಂದ ಬಣ್ಣಕ್ಕೊಂದು ಗೀಟು. ಕೋಸನ್ನು ಹೆಚ್ಚಿ ಸ್ವಲ್ಪ ಹೊತ್ತು ಬಿಡಬೇಕು, ಬೇಯಿಸಿದ ನೀರು ಚೆಲ್ಲಬಾರದು ಎಂದು ನಾನು ಉಪದೇಶಿಸಿದರೆ ಚಿಕ್ಕಮ್ಮ ಶ್ರದ್ಧೆಯಿಂದ ತಲೆಯಾಡಿಸುತ್ತಿದ್ದಳು. ಬೆಳಿಗ್ಗೆ ಎದ್ದೊಡನೆ ಇವತ್ತಿಗೆ ಎಷ್ಟನೇ ದಿನ ಎಂದು ಕೇಳುತ್ತಿದ್ದಳು. ನನ್ನ ಗೀಟುಗಳನ್ನು ಲೋಕದಲ್ಲಿ ಒಬ್ಬರಾದರೂ ವಿಚಾರಿಸಿದರಲ್ಲ ಎಂದು ನಾನು ಪೂರಿಯಂತೆ ಉಬ್ಬಿದೆ.

ಮೂವತ್ತೊಂದನೆಯ ದಿನ, ತಿಂಗಳಿಡೀ ಕೋಸು ತಿಂದದ್ದು ಸಾಕು, ಇವತ್ತು ಆಲೂಗಡ್ಡೆ ಮಾಡೋಣವೆಂದೆ. ಚಿಕ್ಕಮ್ಮನ ಮುಖ ಬಿಳಿಚಿತು.

“ಮಂಡಲ ಮುರೀಬಾರ್ದು ಕಣೇ. ಇನ್ನೂ ಹದಿನೇಳು ದಿನ ಇದೆ.”

ಯಾವ ಮಂಡಲವೆಂದು ಕೇಳಿದರೆ, ಸೆರಗಿನ ಮೇಲಿಂದಲೇ ಎಡಗಡೆಯ ಎದೆ ಮುಟ್ಟಿ ತೋರಿಸಿದಳು. ಅಲ್ಲೊಂದು ಗಂಟು. ದೇವರಿಗೆ ನಲವತ್ತೆಂಟು ದಿನದ ಪ್ರದಕ್ಷಿಣೆ ಹರಸಿಕೊಳ್ಳುವಂತೆ, ಗಂಟು ಕರಗಲೆಂದು ಅವಳು ಕೋಸಿಗೆ ಹರಸಿಕೊಂಡಿದ್ದಳು. ಡಾಕ್ಟರ ಮಾತೇನಿದ್ದರೂ ಆಮೇಲೆ. ನಾನು ಓದಿದ್ದರಲ್ಲಿ ‘ಬಹುಶಃ’ ಇತ್ತು, ಅವಳಿಗೆ ಹೇಳುವ ಉತ್ಸಾಹದಲ್ಲಿ ಅದನ್ನು ನುಂಗಿದ್ದೆ. ಬರಬಹುದಾದದ್ದನ್ನು ಕೋಸು ತುಸು ದೂರ ಇಟ್ಟೀತು. ಬಂದು ಕೂತ ಗಂಟು ಎಂಥದೆಂದು ನೋಡಿ ಹೇಳಲು ಅದಕ್ಕೆ ಕಣ್ಣೆಲ್ಲಿದೆ? ಅಂದು ಗೀಟು ಹಾಕದೆ ಅವಳನ್ನು ಆಸ್ಪತ್ರೆಗೆ ಹೊರಡಿಸಿದೆ.

ಸ್ಕ್ಯಾನು, ಸೂಜಿ, ಐದು ದಿನದ ಕಾಯುವಿಕೆ. ದಿನಚರಿಯಲ್ಲಿ ಆ ಐದು ಪುಟ ಖಾಲಿ. ಆರನೆಯ ದಿನ ಡಾಕ್ಟರಮ್ಮ ವರದಿ ಓದಿ, ಅಪಾಯವಿಲ್ಲದ ಗಂಟು, ಆರು ತಿಂಗಳಿಗೊಮ್ಮೆ ಬಂದು ತೋರಿಸಿದರೆ ಸಾಕು, ತರಕಾರಿ ಮಾತ್ರ ಬಿಡಬೇಡಿ ಎಂದರು.

ಹಲಸೂರು ಮಾರುಕಟ್ಟೆಯವರೆಗೆ ನಾವಿಬ್ಬರೂ ನಗುತ್ತಲೇ ನಡೆದೆವು. ಎದುರಿಗೆ ಬಂದ ಹಸು ಕಂಡರೂ ನಗು, ಸಿಗ್ನಲ್ ಕೆಂಪಾದರೂ ನಗು. ಅಭ್ಯಾಸಬಲದಿಂದ ಕೋಸು ಎತ್ತಿದ ತರಕಾರಿಯ ಸೆಲ್ವಿಯಕ್ಕನ ಮುಂದೆ ಚಿಕ್ಕಮ್ಮ ಚೀಲದ ಬಾಯಿ ಮುಚ್ಚಿಬಿಟ್ಟಳು.

“ಒಂದು ವಾರ ಇದರ ಮುಖ ತೋರಿಸ್ಬೇಡ ಸೆಲ್ವಿ. ಅದಿರ್ಲಿ, ನೀನು ಯಾವತ್ತಾದ್ರೂ ಎದೆ ಪರೀಕ್ಷೆ ಮಾಡಿಸ್ಕೊಂಡಿದೀಯಾ?”

ಸೆಲ್ವಿಯಕ್ಕ ಅತ್ತಿತ್ತ ನೋಡಿ, ಸೆರಗು ಬಾಯಿಗೊತ್ತಿ ನಕ್ಕಳು. “ಬೀದೀಲಿ ಕೇಳೋ ಮಾತಾಕ್ಕಾ ಇದು?”

“ಮನೇಲಿ ಕೇಳಕ್ಕೆ ಯಾರಿದಾರೆ ಹೇಳು.”

ಸೆಲ್ವಿಯಕ್ಕ ಯಾರಿಗೋ ಬೀನ್ಸ್ ತೂಗಿ ಕೊಟ್ಟು, ತಕ್ಕಡಿಯನ್ನು ಮತ್ತೆ ಒರೆಸಿ, ನಮ್ಮ ಕಡೆ ನೋಡದೆ ಹೇಳಿದಳು: “ಸೋಮವಾರ ಆದ್ರೆ ಅಂಗಡೀನ ಸೊಸೆ ನೋಡ್ಕೋತಾಳೆ.”