ಪ್ರಾಜೆಕ್ಟಿನ ಮುದುಕಿ

ನಿನ್ನೆ ಕಪಾಟಿನ ಮೇಲಿನ ಹಳೆಯ ಚಾದರ ಎಳೆದರೆ ಅದರ ಜೊತೆಗೆ ಒಂದು ಕೋಲು ಜಾರಿ ನನ್ನ ಕಾಲ ಬಳಿ ಬಿತ್ತು. ಹಿಡಿಗೆ ಬೆಳ್ಳಿ ಬಣ್ಣದ ಕಾಗದ ಸುತ್ತಿದೆ. ಮೂಸಿ ನೋಡಿದೆ. ನಾಲ್ಕು ವರ್ಷವಾದರೂ ಮುಖಕ್ಕೆ ಹಚ್ಚುವ ಪೌಡರಿನ ವಾಸನೆ ಹೋಗಿಲ್ಲ. ಮಕ್ಕಳೇ, ಬೀದರಿನ ನೌಬಾದದ ನಮ್ಮ ಮನೆಗೆ ಬಂದವರು ಈ ಕೋಲನ್ನು ನೋಡಿದರೆ ನನ್ನದೆಂದೇ ತಿಳಿದಾರು. ನಾನು ಇಂದಿಗೂ ಕೋಲು ಊರಿ ನಡೆದವಳಲ್ಲ. ಇದು ನನ್ನ ಪಾತ್ರ ಮಾಡಿದವಳ ಕೋಲು.

ಆ ವರ್ಷ ನಿಮ್ಮ ಅಂಬಿಕಾ ಅಕ್ಕ ಪಿಯುಸಿ ಎರಡನೆಯ ವರ್ಷದಲ್ಲಿದ್ದಳು. ಕಾಲೇಜಿನಲ್ಲಿ ಕಲಾ ಪ್ರಾಜೆಕ್ಟ್ ಎಂದು ಒಂದು ಹೊಸದು ಶುರುವಾಗಿತ್ತು. ತಂಡಕ್ಕೊಂದು ವಿಷಯ; ಅಂಬಿಕಾಳ ತಂಡದ ನಾಲ್ಕೈದು ಜನ ಸೇರಿ ಮನೆಯ ಹಿರಿಯರೊಬ್ಬರ ಬದುಕನ್ನು ಕೇಳಿ ಬರೆದುಕೊಂಡು ನಾಟಕ ಮಾಡಬೇಕು. ಒಂದು ಸಂಜೆ ಮೊಮ್ಮಗಳು ನನ್ನೆದುರು ಕೂತು, ರೆಕಾರ್ಡ್ ಮಾಡಲು ಫೋನನ್ನು ನನ್ನ ಬಾಯಿಗೆ ಹಿಡಿದಳು.

"ಆಯಿ, ನಿನ್ನ ಕಷ್ಟ ಹೇಳು."

"ಚಹಾ ತಣ್ಣಗ ಆಗ್ಲತ್ತದ. ಈಗಂತೂ ಅದೇ ಕಷ್ಟ."

"ಹಾಂಗಲ್ಲ ಆಯಿ. ಅಳು ಬರೂದು ಹೇಳು. ಮಾರ್ಕ್ಸ್ ಅದಕ್ಕೇ ಅವ."

ನಾನು ಔರಾದ ಕಡೆಯ ಹಳ್ಳಿ ಸಾಲೆಯಲ್ಲಿ ಏಳನೆಯ ತರಗತಿ ಓದಿದವಳು. ಅಲ್ಲಿ ನಾಟಕವಾದಾಗ ನನಗೆ ಪರದೆ ಹಿಡಿಯುವ ಕೆಲಸ ಕೊಟ್ಟಿದ್ದರು. ಪರದೆಯ ಹಿಂದೆ ಮುಖ ಕಾಣುವುದಿಲ್ಲವಲ್ಲ ಎಂದು ನಾನು ಎಷ್ಟು ಹಿಗ್ಗಿದ್ದೆ ಎಂದರೆ, ನಾಟಕ ಮುಗಿದ ಮೇಲೂ ಕೈಯಿಂದ ಪರದೆ ಬಿಟ್ಟಿರಲಿಲ್ಲ. ಅಂಥವಳು ಅಂದು ಏಕೋ ಬಾಯಿ ಬಿಟ್ಟೆ. ಯಾರಿಗೂ ಹೇಳದ್ದನ್ನು ಹೇಳಿದೆ.

ಭಾಲ್ಕಿಯಲ್ಲಿ ನಿಮ್ಮ ಅಜ್ಜನದು ಹಿಟ್ಟಿನ ಗಿರಣಿ. ಅವರು ತೀರಿಕೊಂಡ ದಿನ ಗಿರಣಿಯಲ್ಲಿ ಜನ ಜೋಳ ತುಂಬಿಸಿಟ್ಟ ಡಬ್ಬಿಗಳು ಸಾಲಾಗಿ ಕೂತಿದ್ದವು. ಮೂರನೆಯ ದಿನ ಹಿಂದಿನ ಓಣಿಯ ಚಾಂದಬಿ ಗಿರಣಿಯ ಬಾಗಿಲಲ್ಲಿ ನಿಂತು, "ಬೀಸು ಅಂತ ಹೇಳ್ಲಿಕ್ಕ ಬಂದಿಲ್ಲ ಬೆಹನ್, ಡಬ್ಬಿ ವಾಪಸ್ ಒಯ್ಲಿಕ್ಕ ಬಂದೀನಿ. ಮಕ್ಕಳು ರೊಟ್ಟಿ ರೊಟ್ಟಿ ಅನ್ಲತ್ತಾವ," ಎಂದಳು. ಅವಳು ಎತ್ತಿಕೊಂಡ ಡಬ್ಬಿಯನ್ನು ಕಿತ್ತುಕೊಂಡು ನಾನು ಮೋಟಾರು ಚಾಲೂ ಮಾಡಿದೆ. ಮೋಟಾರಿನಿಂದ ಗಿರಣಿಯ ಗಾಲಿಗೆ ಸುತ್ತುವ ಬೆಲ್ಟು, ಆ ಪಟ್ಟಾ, ಜಾರಿತು. ತಿರುಗುವ ಗಾಲಿಗೆ ಪಟ್ಟಾ ಕೈಯಿಂದ ಹಾಕಿದರೆ ಕೈ ಹೋಗುತ್ತದೆ. ಕೋಲಿನಿಂದ ಎತ್ತಿ ಏರಿಸಬೇಕು. ನಿಮ್ಮ ಅಜ್ಜ ಏರಿಸುವುದನ್ನು ನೋಡಿದ್ದೆನೇ ಹೊರತು ಮಾಡಿರಲಿಲ್ಲ. ಮೂರನೆಯ ಸಲಕ್ಕೆ ಏರಿತು. "ಗಂಡನ ಮ್ಯಾಲಿನ ಮಣ್ಣು ಇನ್ನಾ ಹಸಿ ಅದ, ಇಕಿ ಗಿರಣಿ ಚಾಲೂ ಮಾಡ್ಯಾಳ," ಎಂದು ಓಣಿಯ ಹೆಂಗಸರು ಅಂದರು. ಅನ್ನುತ್ತಲೇ ಮರುದಿನ ತಮ್ಮ ಡಬ್ಬಿಗಳನ್ನೂ ತಂದಿಟ್ಟರು. ಆಗ ನನಗೆ ಮೂವತ್ತೊಂದು. ಸಂಜೆಗೆ ಕೂದಲೆಲ್ಲ ಬೆಳ್ಳಗಾಗಿರುತ್ತಿತ್ತು. ಜಾಡಿಸಿದರೆ ಮತ್ತೆ ಕಪ್ಪು.

ಇಷ್ಟು ಹೇಳಿದ್ದೆ. ಅಂಬಿಕಾ ಬರೆದುಕೊಂಡದ್ದು ಮೂರೇ ಮಾತು: ವಿಧವೆ, ಬಿಳಿ ಕೂದಲು, ಕೈಯಲ್ಲಿ ಕೋಲು.

ವಾರದ ಮೇಲೆ ಅವರ ನಾಟಕದ ಸರ್ ಮನೆಗೇ ಬಂದರು. ಹೆಗಲ ಮೇಲೆ ಶಾಲು, ಬಿಸಿಲಿನಲ್ಲೂ. ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಹೂವಿನ ಚಿತ್ತಾರದ ನನ್ನ ನೀಲಿ ಸೀರೆ ಅವರಿಗೆ ಹಿಡಿಸಲಿಲ್ಲ.

"ಅಮ್ಮಾರೆ, ಗಿರಣಿ ಸ್ಟೇಜಿಗೆ ತರ್ಲಿಕ್ಕ ಆಗಲ್ರಿ. ಕೆಮ್ಮು ತರಬಹುದು."

"ಕೆಮ್ಮು ಯಾರಿಗ್ರಿ?"

"ನಿಮಗ್ರಿ. ಜನಕ್ಕ ಕಣ್ಣೀರು ಬರಬೇಕಲ್ಲ."

ನನಗೆ ಕೆಮ್ಮಿಲ್ಲ ಎನ್ನಬೇಕೆಂದಿದ್ದೆ. "ಹೂಂ ರಿ," ಎಂದು ಇನ್ನೊಂದು ಕಪ್ ಚಹಾ ತರಲು ಒಳಗೆ ಹೋದೆ. ನಾಚಿಕೆಯವರಿಗೆ ಅಡಿಗೆಮನೆ ಎಂಥ ಅನುಕೂಲ ನೋಡಿ.

ಪ್ರಾಜೆಕ್ಟಿನ ದಿನ ಬೀದರಿನ ಒಂದು ಸಭಾಭವನದಲ್ಲಿ ನನ್ನನ್ನು ಮುಂದಿನ ಸಾಲಿನಲ್ಲಿ ಕೂರಿಸಿದರು. ಮೊದಲ ತಂಡದ್ದು ಬಹಮನಿ ಸುಲ್ತಾನರ ನೃತ್ಯ. ನಾಲ್ಕು ನಿಮಿಷದಲ್ಲಿ ಅಷ್ಟೂ ಸುಲ್ತಾನರು ಹುಟ್ಟಿ, ಕೋಟೆ ಕಟ್ಟಿ, ಸತ್ತು, ಪಕ್ಕದ ಅಷ್ಟೂರು ಹಳ್ಳಿಗೆ ಹೋಗಿ ತಮ್ಮ ಗೋರಿಯಲ್ಲಿ ಮಲಗಿದರು. ಒಬ್ಬ ಸುಲ್ತಾನನ ಮೀಸೆ ಮಾತ್ರ ಸಾಯುವ ಮೊದಲೇ ಬಿದ್ದಿತ್ತು. ಎರಡನೆಯ ತಂಡ ಕಪ್ಪು ಬಟ್ಟೆ ತೊಟ್ಟು ಬಂದು ಏನನ್ನೋ ಖಂಡಿಸಿತು. ಏನನ್ನು ಎಂದು ತಿಳಿಯಲಿಲ್ಲ, ಬಹಳ ಸಿಟ್ಟಿನಲ್ಲಿದ್ದರು.

ಆಮೇಲೆ ನಾನು ಬಂದೆ, ಅಂದರೆ ನನ್ನ ವೇಷದ ಅಂಬಿಕಾ. ಬಾಗಿದ ಬೆನ್ನು, ಬಿಳಿ ಸೀರೆ, ತಲೆತುಂಬ ಪೌಡರು, ಈ ಕೋಲು. ಗಂಡ ಬದುಕಿರುವಾಗಲೇ ನಾನು ಎಪ್ಪತ್ತರ ಮುದುಕಿ. ಗಂಡನಾದ ಹುಡುಗನಿಗೆ ಹದಿನೆಂಟು. ಅವನು ಸತ್ತಾಗ ನಾನು ಅವನ ಅಜ್ಜಿ ಅಳುವಂತೆ ಅತ್ತೆ. ಅಂಬಿಕಾಗೆ ಇದು ತಪ್ಪೆಂದು ಹೊಳೆದೇ ಇರಲಿಲ್ಲ. ಅವಳು ಹುಟ್ಟಿದಾಗಿನಿಂದ ನಾನು ಮುದುಕಿಯೇ ಅಲ್ಲವೆ? ಕೆಮ್ಮನ್ನು ಎಣಿಸಿದೆ. ಹನ್ನೊಂದು ಸಲ.

ಪಕ್ಕದಲ್ಲಿ ಕೂತ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, "ಪಾಪ, ಆ ಮುದುಕಿ ಇನ್ನಾ ಇದ್ದಾಳೇನ್ರಿ?" ಎಂದು ಕೇಳಿದಳು.

"ಇದ್ದಾಳ್ರಿ. ಚಲೋ ಅದಾಳ."

ಮೊದಲನೆಯ ಬಹುಮಾನ ನಮಗೇ. ಸರ್ ನನ್ನನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಮೈಕಿನ ಮುಂದೆ ನಿಲ್ಲಿಸಿ, "ಎರಡು ಮಾತು ಹೇಳ್ರಿ," ಎಂದರು. ಹೇಳಲು ನನ್ನಲ್ಲಿ ಒಂದೇ ಮಾತಿತ್ತು: ಆಗ ನನಗೆ ಮೂವತ್ತೊಂದು. ಬಾಯಿ ತೆರೆದೆ. ಮೈಕಿನಲ್ಲಿ ಕೆಮ್ಮು ಬಂತು. ಒಂದಲ್ಲ, ಮೂರು. ಸಭೆ ಎದ್ದು ನಿಂತು ಚಪ್ಪಾಳೆ ಹೊಡೆಯಿತು. ಸರ್ ಹೆಮ್ಮೆಯಿಂದ ಅಂಬಿಕಾಳ ಕಡೆ ನೋಡಿದರು.

ಆಟೋದಲ್ಲಿ ಅವಳು, "ಹ್ಯಾಂಗಿತ್ತು ಆಯಿ?" ಎಂದಳು. ಬಹುಮಾನವನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. "ಚಲೋ ಇತ್ತು," ಎಂದೆ. ಹೀಗೆ ನನ್ನ ಸುಳ್ಳು ನಾಟಕಕ್ಕೆ ಕೊನೆಯ ಮಾತನ್ನು ನಾನೇ ಹೇಳಿದೆ.

ಈ ವರ್ಷ ಅವಳ ತಂಗಿ ಸೃಷ್ಟಿಯ ಸರದಿ. ಮೊನ್ನೆ ಅವಳೂ ಫೋನು ಹಿಡಿದು, "ಆಯಿ, ನಿನ್ನ ಕಷ್ಟ..." ಎಂದಳು. "ಬಾಯಿಲೆ ಹೇಳಂಗಿಲ್ಲ. ನಿನಗ, ನಿನ್ನ ತಂಡದ ಮಕ್ಕಳಿಗ ಬರದು ಕೊಡ್ತೇನಿ," ಎಂದೆ. ಅಂಬಿಕಾಗೂ ಹೇಳದ ಒಂದು ಮಾತನ್ನು ಇಲ್ಲಿ ಸೇರಿಸಿದ್ದೇನೆ: ನಾನು ಅತ್ತೆ. ಗಿರಣಿ ಚಾಲೂ ಇದ್ದಾಗ ಅತ್ತೆ. ಆ ಸದ್ದಿನಲ್ಲಿ ಯಾರಿಗೂ ಕೇಳುತ್ತಿರಲಿಲ್ಲ. ಅದನ್ನು ವೇದಿಕೆಯ ಮೇಲೆ ತರುವುದಾದರೆ ಮೊದಲು ಸದ್ದು ಮಾಡಿರಿ.

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಸೃಷ್ಟಿಗೆ ಕೊಟ್ಟೆ. ಕೊನೆಯವರೆಗೆ ಓದಿದಳು. ಆಮೇಲೆ, "ಪಟ್ಟಾ ಹ್ಯಾಂಗ ಏರಸ್ತಿದ್ದಿ, ತೋರಸು," ಎಂದಳು.

ಕೋಲಿನ ಬೆಳ್ಳಿ ಕಾಗದ ಕೈಗೆ ಜಾರುತ್ತಿತ್ತು, ಹರಿದು ಬಿಸಾಡಿದೆ. ಸೆರಗು ಬಿಗಿದು, ಮೈ ಹಿಂದಕ್ಕೆ ವಾಲಿಸಿ, ಪಡಸಾಲೆಯಲ್ಲಿ ಇಲ್ಲದ ಗಾಲಿಗೆ ಇಲ್ಲದ ಪಟ್ಟಾ ಏರಿಸಿದೆ. ಸೃಷ್ಟಿ ಫೋನು ಕೆಳಗಿಟ್ಟು ಕೋಲನ್ನು ತನ್ನ ಕೈಗೆ ತೆಗೆದುಕೊಂಡಳು.

"ಕಾಲು ಎಲ್ಲಿ ಇಡಬೇಕು ಆಯಿ?"

"ಮೊದಲ ಓಢಣಿ ಸೊಂಟಕ್ಕ ಬಿಗಿ," ಎಂದೆ. "ಗಾಲಿ ಯಾರು ಏನು ಅಂತ ನೋಡಂಗಿಲ್ಲ, ಸಿಕ್ಕಿದ್ದು ಎಳಕೋತದ."