ಹತ್ತೂವರೆಗೆ ಬಾರದ ಫೆಲಿಕ್ಸ್ ಪೊರ್ಬುಗಳ ಸ್ವರ

ನಂಬಲು ಮನಸ್ಸಾಗುತ್ತಿಲ್ಲ…
ನಮ್ಮ ಫೆಲಿಕ್ಸ್ ಪೊರ್ಬುಗಳು ಇನ್ನಿಲ್ಲವಂತೆ.
ಬೆಳಿಗ್ಗೆ ಒಂಬತ್ತೂವರೆಗೆ ಈ ಕೊಲ್ಲಿ ನಾಡಿನ ನಮ್ಮ ಊರವರ ಸಂಘದ ವಾಟ್ಸಾಪ್ ಗ್ರೂಪಿನಲ್ಲಿ ಬರೆದಿದ್ದರಲ್ಲ…
"ಬನಿಯಾಸ್‌ನ ಮನೆ ಬಿಟ್ಟೆ. ಹತ್ತೂವರೆಗೆ ಕ್ಲಿನಿಕ್."

ಈಗ ಫೇಸ್‌ಬುಕ್ ತೆರೆದರೆ ಸಾಲು ಸಾಲು ಅವರದೇ ಫೋಟೋ.
"ಲೆಜೆಂಡ್"… "ಮಿಸ್ ಯೂ ಅಂಕಲ್"…
ನೋಡಿ ಹೇಸಿಗೆಯಾಯಿತು.

ಅವರು ಯಾರೆಂದು ತಿಳಿಯದವರಿಗೆ ಹೇಳುತ್ತೇನೆ. ಪೊರ್ಬುಗಳು ಎಂದರೆ ನಮ್ಮ ಕರಾವಳಿಯಲ್ಲಿ ಕ್ರೈಸ್ತ ಹಿರಿಯರನ್ನು ಗೌರವದಿಂದ ಕರೆಯುವ ಮಾತು.
ಯೌವನದಲ್ಲಿ ಮುಂಬಯಿಯ ವಿಮಾನ ಕಂಟ್ರೋಲ್ ರೂಮಿನಲ್ಲಿದ್ದವರು.
ಶಬ್ದಕ್ಕಿಂತ ವೇಗವಾಗಿ ಜನರನ್ನು ಹೊತ್ತು ಹೋಗುತ್ತಿದ್ದ ಆ ಚೂಪು ಮೂತಿಯ ವಿಮಾನಕ್ಕೆ ಸಮುದ್ರದ ಮೇಲೆ ದಾರಿ ಕೊಟ್ಟವರು.
ಅದರ ಸದ್ದು ಊರುಗಳ ಮೇಲೆ ಬೀಳಬಾರದು… ಹಾಗಾಗಿ ನೆಲ ತಪ್ಪಿಸಿ, ಕಡಲ ಮೇಲೇ ಸುತ್ತಿಸಿ, ಉಳಿದ ವಿಮಾನಗಳಿಗಿಂತ ಬಹಳ ಎತ್ತರದಲ್ಲಿ ಕಳಿಸಬೇಕು.
ನಡುಗಡಲಿಗೆ ರೇಡಾರ್ ಎಟುಕದು.
"ಇಲ್ಲಿದ್ದೇನೆ, ಮುಂದಿನ ಜಾಗಕ್ಕೆ ಇಷ್ಟು ಹೊತ್ತಿಗೆ" ಎಂದು ಪೈಲಟ್ ರೇಡಿಯೋದಲ್ಲಿ ಹೇಳಬೇಕು. ಇವರು ಚೀಟಿಯಲ್ಲಿ ಬರೆದುಕೊಂಡು ಮುಂದಿನ ಸ್ವರಕ್ಕೆ ಕಾಯಬೇಕು.

"ಹೇಳಿದ ಹೊತ್ತಿಗೆ ಸ್ವರ ಬರ್ಲಿಲ್ಲ ಅಂದ್ರೆ ಮತ್ತೆ ಚಾ ಕುಡೀತಾ ಕೂತ್ಕೊಳ್ಳಿಕ್ಕಿಲ್ಲ ಅಕ್ಕ. ಕೂಡ್ಲೆ ಕರೀಲಿಕ್ಕೆ ಶುರು ಮಾಡ್ಬೇಕು" ಎನ್ನುತ್ತಿದ್ದರು.

ಆ ಅಭ್ಯಾಸ ಕಡೆವರೆಗೂ ಬಿಡಲಿಲ್ಲ. ಅಂಗಡಿಗೆ ಹೋದರೂ ಗ್ರೂಪಿನಲ್ಲಿ ಹೊರಟದ್ದು, ತಲುಪಿದ್ದು…
"ಅಂಕಲ್ ಟೇಕಾಫ್" ಎಂದು ನಮ್ಮ ಮಕ್ಕಳ ನಗು.
ನನ್ನ ಮಗ ಸಂತೋಷನೇ ಹೇಳಿದ್ದ, "ಮ್ಯೂಟ್ ಮಾಡಮ್ಮ, ಖಲಾಸ್."
ಇವತ್ತು ಎಲ್ಲರಿಗಿಂತ ಮೊದಲು "ಲೆಜೆಂಡ್" ಎಂದು ಬರೆದವನೂ ಅವನೇ.
ಸಂತೋಷಾ, ಅದನ್ನು ಈಗಲೇ ಅಳಿಸು.

ಪೊರ್ಬುಗಳೇ…
ಹತ್ತೂವರೆ ಆಯಿತು. ಹನ್ನೊಂದಾಯಿತು. ನಿಮ್ಮ ಸ್ವರ ಬರಲಿಲ್ಲ.
ನೀವು ಬಸ್ ಸ್ಟಾಪಿನ ಬೆಂಚಿನಲ್ಲಿ ಎದೆ ಹಿಡಿದು ಕೂತಿದ್ದಿರಂತೆ… ಬಹಳ ಹೊತ್ತು.
ನಿಮ್ಮ ಮಗಳು ಆಸ್ಪತ್ರೆ ಡ್ಯೂಟಿಯಲ್ಲಿ.
ಹನ್ನೆರಡಕ್ಕೆ ಯಾರೋ ಪಠಾಣ್ ಡ್ರೈವರ್ ನೋಡಿ ಆಂಬುಲೆನ್ಸ್ ಕರೆದನಂತೆ. ನಿಮ್ಮ ಹೆಸರೂ ಗೊತ್ತಿಲ್ಲದವನು.

ಗ್ರೂಪಿನಲ್ಲಿ ನಿಮ್ಮ ಸಂದೇಶವನ್ನು ಎಲ್ಲರೂ ಓದಿದ್ದರು.
ನಾನೂ ಓದಿದ್ದೆ.
ಹತ್ತೂಮುಕ್ಕಾಲಿಗೆ ಗಡಿಯಾರ ನೋಡಿದ್ದೆ ಕೂಡ… ನೋಡಿ, ಫೋನ್ ಕವುಚಿಟ್ಟು ಮೀನು ತೊಳೆಯಲು ಹೋದೆ.
ಇಷ್ಟು ವರ್ಷ ಸಂಘದಲ್ಲಿ ಎಲ್ಲರಿಗೂ ಬುದ್ಧಿ ಹೇಳಿದವಳು ನಾನು.
ಎಲ್ಲರಿಗಿಂತ ಹೆಚ್ಚು ಹೇಸಿಗೆ ನನ್ನ ಮೇಲೇ.

ನಿಮ್ಮ ಜೀವ ನೆಮ್ಮದಿಯ ಜಾಗ ಸೇರಲಿ, ಪೊರ್ಬುಗಳೇ.
ತಲುಪಿದೆ ಎಂದು ನಮಗೆ ತಿಳಿಸಬೇಡಿ…
ಆ ಸುದ್ದಿ ಕೇಳುವ ಯೋಗ್ಯತೆ ನಮಗಿಲ್ಲ.